ರೀಲಿಲ್ಲದ ಕ್ಯಾಮರಾ

ನಾನು ಹುಟ್ಟಾ ಪುಕ್ಕಲ. ಬಾವಿ ಇಣುಕಲು ಭಯ, ಬಸ್ಸು ನಾಲೆ ಏರಿಯ ಮೇಲೆ ತಿರುಗುವಾಗ ಭಯ, ಮೇಷ್ಟ್ರಾದ ಮೇಲೆ ಮಕ್ಕಳು ಏನು ಪ್ರಶ್ನೆ ಕೇಳಿಬಿಡುತ್ತಾರೋ ಎಂಬ ಭಯ. ಇಂಥವನ ಕೈಗೆ ಡಿಜಿಟಲ್ ಕ್ಯಾಮರಾ ಬಂದರೆ ಏನಾಗಬೇಕೋ ಅದೇ ಆಯಿತು.

ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ನಾನು ಪಾಂಡವಪುರದ ಒಂದು ಖಾಸಗಿ ಹೈಸ್ಕೂಲಿನಲ್ಲಿ ಗಣಿತ ಹೇಳುತ್ತಿದ್ದೆ. ಕ್ಯಾತನಹಳ್ಳಿಯ ಮನೆಯಿಂದ ದಿನಾ ಓಡಾಟ. ನನ್ನ ಜೊತೆ ಕೆಲಸ ಮಾಡುತ್ತಿದ್ದ ಸಂತೆಬಾಚಹಳ್ಳಿ ಕಡೆಯ ಮೇಷ್ಟ್ರೊಬ್ಬರ ಭಾವ ಸಿಂಗಪುರದಿಂದ ಆ ಕ್ಯಾಮರಾ ತಂದಿದ್ದ. ಅಲ್ಲಿ ಅದು ಮಕ್ಕಳ ಆಟಿಕೆಯ ಪಕ್ಕದಲ್ಲಿ ಇಟ್ಟು ಮಾರುವಂಥ ಅಗ್ಗದ ಮಾಲಂತೆ. ಊರಿನಲ್ಲಿ ಕಂಪ್ಯೂಟರಿಲ್ಲದೆ ಅದರಿಂದ ಏನೂ ಪ್ರಯೋಜನವಿಲ್ಲ ಎಂದು ತಿಳಿದ ಮೇಲೆ ಆತ ಅದನ್ನು ನನಗೆ ದಾಟಿಸಿದ. ನಮ್ಮ ತಾಲ್ಲೂಕಿನಲ್ಲಿ ಇನ್ಯಾರ ಹತ್ತಿರವೂ ಇಲ್ಲದ್ದು ನನ್ನ ಹತ್ತಿರ ಇದೆ ಎಂದು ನಾನು ಒಂದು ವಾರ ಎದೆ ಸೆಟೆಸಿಕೊಂಡು ಓಡಾಡಿದೆ.

ನೋಡಲು ಸೋಪಿನ ಡಬ್ಬಿ. ಬೂದು ಬಣ್ಣದ ಪ್ಲಾಸ್ಟಿಕ್ಕು, ಹಿಂದೆ ಸೆಲ್ ಹಾಕುವ ಮುಚ್ಚಳ, ತಲೆಯ ಮೇಲೆ ಒಂದು ಗುಂಡಿ. ತೆಗೆದ ಚಿತ್ರ ನೋಡಲು ಪರದೆ ಇರಲಿಲ್ಲ. ಎಷ್ಟು ಚಿತ್ರ ಒಳಗಿವೆ ಎಂದು ತೋರಿಸುವ ಉಗುರಿನಷ್ಟಗಲದ ಕಿಂಡಿ ಮಾತ್ರ ಇತ್ತು. ಚಿತ್ರ ಹೇಗೆ ಬಂದಿದೆ ಎಂದು ತಿಳಿಯಬೇಕಾದರೆ ಶ್ರೀರಂಗಪಟ್ಟಣಕ್ಕೆ ಹೋಗಬೇಕು. ಅಲ್ಲಿ ಕಂಪ್ಯೂಟರ್ ಕ್ಲಾಸು ನಡೆಸುತ್ತಿದ್ದ ಹುಡುಗನೊಬ್ಬ ನನಗೆ ಪರಿಚಯ. ಕ್ಯಾಮರಾದ ತಂತಿ, ಅದರ ಡಿಸ್ಕು ಎರಡೂ ಅವನ ಬಳಿಯೇ ಇರುತ್ತಿದ್ದವು.

ಮೊದಲನೇ ಸಲ ಸ್ಕೂಲಿನ ಆಟೋಟದ ಚಿತ್ರ ತೆಗೆದು, ದಾರಿಯಲ್ಲಿ ಸೆಲ್ ಕೈಕೊಡದಿರಲಿ ಎಂದು ಹೊಸ ಸೆಲ್ ಹಾಕಿಕೊಂಡು ಹೋದೆ. ಕಂಪ್ಯೂಟರಿನಲ್ಲಿ ಏನೂ ಇಲ್ಲ. ಆ ಹುಡುಗ ಕ್ಯಾಮರಾವನ್ನು ತಿರುಗಿಸಿ ಮುರುಗಿಸಿ ನೋಡಿ ನಕ್ಕುಬಿಟ್ಟ. “ಸಾ, ಇದು ಅಗ್ಗದ್ದು. ಒಳಗೆ ಸೆಲ್ಲು ಇರೋಗಂಟ ನೆನಪು ಇಟ್ಕೊಂಡಿರ್ತದೆ. ಸೆಲ್ ತೆಗುದ್ರೋ, ಅದೇ ಮುಗುದೋಯ್ತೋ, ಎಲ್ಲಾ ಮರ್ತ್‌ಬುಡ್ತದೆ ಅಷ್ಟೇಯ,” ಎಂದ.

ಅವತ್ತಿನಿಂದ ನನ್ನ ಭಯಗಳ ಸಾಲಿಗೆ ಇನ್ನೊಂದು ಸೇರಿಕೊಂಡಿತು. ಆ ಡಬ್ಬಿ ಸುಮ್ಮನೆ ಗೋಡೆಯ ಗೂಡಿನಲ್ಲಿ ಕೂತಿದ್ದರೂ ಸೆಲ್ ತಿನ್ನುತ್ತಿತ್ತು. ಚಿತ್ರ ತೆಗೆದ ಗಳಿಗೆಯಿಂದ ಶ್ರೀರಂಗಪಟ್ಟಣ ಮುಟ್ಟುವತನಕ ನನಗೆ ಊಟ ಸೇರುತ್ತಿರಲಿಲ್ಲ.

ಇನ್ನು ಅಪ್ಪನ ವಿಷಯ. ಅಪ್ಪನ ಎಡಗಣ್ಣಿನಲ್ಲಿ ಚಿಕ್ಕಂದಿನಿಂದಲೂ ಹೂ ಬಿದ್ದಿತ್ತು. ಕಣ್ಣಗುಡ್ಡೆಯ ಮೇಲೆ ಬೆಳ್ಳಗೆ ಪೊರೆ. ಕಬ್ಬಿನ ಗದ್ದೆಯಲ್ಲಾಗಲಿ ಆಲೆಮನೆಯಲ್ಲಾಗಲಿ ಅದರ ಬಗ್ಗೆ ಅವನಿಗೆ ಪರಿವೆಯೇ ಇರಲಿಲ್ಲ. ಕ್ಯಾಮರಾ ಕಂಡರೆ ಮಾತ್ರ ಮುಖ ತಿರುಗಿಸಿಬಿಡುತ್ತಿದ್ದ. ನೆಂಟರ ಮದುವೆ ಫೋಟೋಗಳಲ್ಲೆಲ್ಲ ಅಪ್ಪನ ಕಿವಿ ಇದೆ, ರುಮಾಲಿದೆ, ಮುಖವಿಲ್ಲ. ಓಟಿನ ಚೀಟಿಯಲ್ಲಿದ್ದದ್ದು ಬರೀ ಕಪ್ಪು ಮಸಿ. “ಇದು ನೀನೋ, ಆಲೆಮನೆ ಕೊಪ್ಪರಿಗೆ ತಳವೋ?” ಎಂದು ಅವ್ವ ಆಡಿಕೊಳ್ಳುತ್ತಿದ್ದಳು.

ಒಂದು ಭಾನುವಾರ ಅಪ್ಪ ಜಗಲಿಯ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ. ನಾನು ಡಬ್ಬಿ ಹಿಡಿದು ಎದುರಿಗೆ ಬಂದೆ.

“ಏನ್ಲಾ ಅದು?”

“ಕ್ಯಾಮರಾ ಕಣಪ್ಪಾ.”

“ರೀಲು ಎಲ್ಲೈತೆ?”

“ಇದಕ್ಕೆ ರೀಲೇ ಇಲ್ಲ.”

“ರೀಲೇ ಇಲ್ದಿದ್ ಮ್ಯಾಲೆ ಅದ್ಯಾವ್ ಸೀಮೆ ಕ್ಯಾಮರಾ ಲಾ! ಸೋಪಿನ್ ಡಬ್ಬಿ ತಂದು ನನ್ನೇ ಯಾಮಾರಿಸ್ತೀಯಾ?” ಎಂದು ಅಪ್ಪ ಹೊಟ್ಟೆ ಅಲುಗಿಸಿಕೊಂಡು ನಕ್ಕ. ಮುಖ ತಿರುಗಿಸಲಿಲ್ಲ. ನೆಟ್ಟಗೆ ನನ್ನ ಕಡೆಯೇ ನೋಡುತ್ತಾ ಬಾಯಿ ತುಂಬ ಕೆಂಪಗೆ ನಗುತ್ತಿದ್ದ. ಗುಂಡಿ ಒತ್ತಿದೆ. ಕಿಂಡಿಯಲ್ಲಿ ಒಂದು ಎಂಬ ಅಂಕಿ ಬಂತು. ಬಾಗಿಲಲ್ಲಿ ನಿಂತಿದ್ದ ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ಅಪ್ಪನ ಮುಖ ಕೊನೆಗೂ ಸಿಕ್ಕಿಬಿದ್ದದ್ದು ಅವಳಿಗೆ ಹಬ್ಬವಾಗಿತ್ತು.

ಆ ವಾರವೇ ಅಪ್ಪ ಕಬ್ಬಿನ ಗದ್ದೆಯಲ್ಲಿ ಎದೆ ಹಿಡಿದುಕೊಂಡು ಕುಸಿದ. ಯಾರದೋ ಕಾರು ಮಾಡಿಕೊಂಡು ಮೈಸೂರಿನ ಆಸ್ಪತ್ರೆಗೆ ಸೇರಿಸಿದೆವು. ಅಕ್ಕ ಅವನ ಹತ್ತಿರ ಉಳಿದಳು. ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, ಏನೂ ಹೇಳೋ ಹಾಗಿಲ್ಲ ಎಂದರು. ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತವನಿಗೆ ಗೂಡಿನಲ್ಲಿದ್ದ ಡಬ್ಬಿ ನೆನಪಾಯಿತು. ಅಪ್ಪನ ಮುಖ ಈ ಲೋಕದಲ್ಲಿ ಇದ್ದದ್ದು ಎರಡೇ ಕಡೆ. ಒಂದು ಆ ಮಂಚದ ಮೇಲೆ, ಇನ್ನೊಂದು ಸವೆಯುತ್ತಿದ್ದ ಆ ಎರಡು ಸೆಲ್ಲುಗಳ ಆಸರೆಯಲ್ಲಿ. ಓದಿದವನಾಗಿದ್ದೂ ನನ್ನ ತಲೆಯಲ್ಲಿ ಎರಡೂ ಗಂಟು ಬಿದ್ದುಬಿಟ್ಟವು. ಒಂದು ಹೋದರೆ ಇನ್ನೊಂದೂ ಹೋದೀತು ಅನ್ನಿಸತೊಡಗಿತು.

ಮಾರನೇ ದಿನ ಡಬ್ಬಿಯನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಶ್ರೀರಂಗಪಟ್ಟಣಕ್ಕೆ ಓಡಿದೆ. ಕಂಪ್ಯೂಟರ್ ಕ್ಲಾಸಿಗೆ ಬೀಗ. ಆ ಹುಡುಗ ನಾಗಮಂಗಲದ ಹತ್ತಿರ ಅಕ್ಕನ ಮನೆಯ ಗೃಹಪ್ರವೇಶಕ್ಕೆ ಹೋಗಿದ್ದಾನೆ, ಸೋಮವಾರ ಬರುತ್ತಾನೆ ಎಂದು ಪಕ್ಕದ ಟೈಲರು ಹೇಳಿದ. ಅಷ್ಟರಲ್ಲಿ ಕಿಂಡಿಯೊಳಗೆ ಸೆಲ್ಲಿನ ಗುರುತು ಮಿಣುಕಲು ಶುರುವಾಗಿತ್ತು.

ಮನೆಗೆ ಬಂದು ಡಬ್ಬಿಯನ್ನು ಗೂಡಿನಲ್ಲಿಟ್ಟೆ. “ಅವ್ವಾ, ಇದರ ಗುಂಡಿ ಯಾರೂ ಒತ್ತಬಾರ್ದು. ಅಪ್ಪ ಇದರೊಳಗವ್ನೆ. ಸೆಲ್ಲು ಮುಗೀತಾ ಬಂದೈತೆ. ಸೆಲ್ಲು ಮುಗುದ್ರೆ ಅಪ್ಪನ್ ಫೋಟೋನೂ ಹೋಯ್ತದೆ,” ಎಂದೆ. ಅವ್ವ ಗೂಡಿನ ಕಡೆ ಕೈಮುಗಿದಳು. ನಾನು ಮೈಸೂರಿನ ಬಸ್ಸು ಹತ್ತಿದೆ.

ಸೋಮವಾರ ಬೆಳಿಗ್ಗೆ ಡಬ್ಬಿ ಒಯ್ಯಲು ಊರಿಗೆ ಬಂದಾಗ ಅವ್ವ ಅಂಗಳದಲ್ಲಿ ಮೊರದ ಮುಂದೆ ಕೂತಿದ್ದಳು. ಮೊರದಲ್ಲಿ ಮೆಣಸಿನಕಾಯಿ ಒಣಗುತ್ತಿತ್ತು. ಮೆಣಸಿನಕಾಯಿಯ ನಡುವೆ, ಒಂದರ ಪಕ್ಕ ಒಂದು, ಎರಡು ಸೆಲ್ಲು.

ನಮ್ಮ ಕಡೆ ಸೆಲ್ಲನ್ನು ಒಂದೇ ಸಲಕ್ಕೆ ಯಾರೂ ಬಿಸಾಡುತ್ತಿರಲಿಲ್ಲ. ರಾತ್ರಿ ಹಿಡಿದು ಓಡಾಡುವ ಬ್ಯಾಟರಿಯ ಬೆಳಕು ಮಂಕಾದರೆ, ರೇಡಿಯೋ ಗೊರಗೊರ ಅಂದರೆ, ಸೆಲ್ ತೆಗೆದು ಬಿಸಿಲಿಗಿಡುವುದು. ಚೆನ್ನಾಗಿ ಕಾದ ಮೇಲೆ ಹಾಕಿದರೆ ಇನ್ನೊಂದು ನಾಲ್ಕು ದಿನ ಬರುತ್ತದೆ. ಅವ್ವ ಅದರಲ್ಲಿ ಪಳಗಿದ ಕೈ.

“ತಣ್ಣಗೆ ಕೊರೀತಿದ್ವು ಕಣ್ಲಾ ಮಗಾ. ಗುಂಡಿ ಗಿಂಡಿ ಒಂದೂ ಮುಟ್ನಿಲ್ಲ ಕನಾ. ಹಿಂದಿನ್ ಮುಚ್ಚಳ ಮೆಲ್ಲಗೆ ತೆಗ್ದು, ಬಿಸಿಲಿಗೆ ಇಟ್ಟಿವ್ನಿ. ಮುಟ್ನೋಡು, ಎಂಗೆ ಜೀವ ತುಂಬ್ಕೊಂಡವೆ!” ಎಂದಳು. ಅವಳ ಮುಖದಲ್ಲಿ ಆಸ್ಪತ್ರೆಗೆ ಸೇರಿಸಿದಂದಿನಿಂದ ಇಲ್ಲದ ಗೆಲುವಿತ್ತು. ಗಂಡನಿಗೆ ತನ್ನ ಕೈಯಿಂದ ಆಗಬಹುದಾದ ಒಂದು ಕೆಲಸ ಸಿಕ್ಕಿತ್ತಲ್ಲ.

ಸೆಲ್ಲು ಬಿಸಿಯಾಗಿದ್ದವು. ಹಾಕಿ ನೋಡಿದೆ. ಕಿಂಡಿಯಲ್ಲಿ ಸೊನ್ನೆ.

“ಸರಿಯಾಯ್ತಾ?” ಎಂದಳು ಅವ್ವ.

“ಸರಿಯಾಯ್ತು ಕಣವ್ವಾ.”

ಮತ್ತೆ ಶ್ರೀರಂಗಪಟ್ಟಣಕ್ಕೆ ಹೋಗುವ ಕಾರಣವಿರಲಿಲ್ಲ. ನೆಟ್ಟಗೆ ಮೈಸೂರಿಗೆ ಹೋದೆ. ಅಪ್ಪನ ಮೂಗಿನ ನಳಿಕೆ ತೆಗೆದಿದ್ದರು, ಮಾತಾಡುವಷ್ಟು ಗೆಲುವಾಗಿದ್ದ. ನನಗೆ ಆಸೆ ಹುಟ್ಟಿತು. ಬದುಕಿಕೊಂಡರೆ ಇನ್ನೊಂದು ತೆಗೆದರಾಯಿತು, ಮತ್ತೆ ನಗಿಸಿದರಾಯಿತು.

“ನಿನ್ ಸೋಪಿನ್ ಡಬ್ಬಿ ಏನಾಯ್ತ್ಲಾ? ಬಂದೈತಾ ನನ್ ಮೋರೆ?” ಎಂದ.

“ಬಂದೈತೆ ಕಣಪ್ಪಾ. ಬೋ ಸಂದಾಗೈತೆ.”

ಅವನ ಕೈ ಎಡಗಣ್ಣಿನ ಹತ್ತಿರ ಹೋಯಿತು. “ಕಣ್ಣು?”

“ಕಾಣಾಕಿಲ್ಲ. ನಗ್ತಾ ಇದ್ಯಲ್ಲ, ಅದ್ಕೇ.”

ಅಪ್ಪ ತಲೆಯಾಡಿಸಿ ಆ ಕಡೆ ಹೊರಳಿದ. ಮಾರನೇ ದಿನ ಮಧ್ಯಾಹ್ನ ಹೋಗಿಬಿಟ್ಟ.

ನಮ್ಮಲ್ಲಿ ಹೆಣವನ್ನು ಜಗಲಿಗೆ ಒರಗಿಸಿ ಕೂರಿಸಿ, ಹಾರ ಹಾಕಿ, ಮನೆಯವರೆಲ್ಲ ಸುತ್ತ ನಿಂತು ಒಂದು ಫೋಟೋ ತೆಗೆಸುವುದು ವಾಡಿಕೆ. ಸೋದರಮಾವ ಪಾಂಡವಪುರದಿಂದ ಸ್ಟುಡಿಯೋದವನನ್ನು ಕರೆಸಿದ್ದ. ಅವನು ಕ್ಯಾಮರಾ ತೆಗೆಯುವಷ್ಟರಲ್ಲಿ ಅವ್ವ ಅಡ್ಡ ನಿಂತಳು. “ಬ್ಯಾಡ. ಜೀವ ಇದ್ದಾಗ ನಾಚ್ಕೋತಿದ್ದೋನು. ಈಗ ಬಾಯಿ ಬರ್ದಿದ್ದಾಗ ಯಾಕ್ ಹಿಡೀತೀರಿ? ನಗ್ತಾ ಇರೋದು ನನ್ ಮಗನ್ ತಾವ್ ಐತೆ, ಅದು ಸಾಕು,” ಎಂದಳು. ಮಾವ ನನ್ನ ಮುಖ ನೋಡಿದ. ಈಗ ಬಾಯಿಬಿಡಬೇಕು, ಈಗಲೇ, ಎಂದುಕೊಂಡೆ. ಬಾಯಿಬಿಟ್ಟರೆ ಅವ್ವನಿಗೆ ಗೊತ್ತಾಗುತ್ತದೆ, ಅದೂ ಹೆಣದ ಮುಂದೆ. ನಾನು ಹೌದೆಂದು ತಲೆಯಾಡಿಸಿದೆ. ಸ್ಟುಡಿಯೋದವನು ಹೊರಟುಹೋದ.

ತಿಥಿಗೆ ಎಡೆ ಇಡಲು ಫೋಟೋ ಕೇಳಿದಾಗ, ಕ್ಯಾಮರಾ ಬಸ್‌ಸ್ಟ್ಯಾಂಡಿನಲ್ಲಿ ಕೈಜಾರಿ ಬಿದ್ದು ಒಳಗಿದ್ದದ್ದೆಲ್ಲ ಹಾಳಾಯಿತು ಎಂದೆ. ನಿಜವೆಂದು ಕಾಣಲಿ ಎಂದು ಹಿಂದಿನ ದಿನ ಅದನ್ನು ಕಲ್ಲಿಗೆ ಬಡಿದು ಒಡೆದಿದ್ದೆ. ಅವ್ವ ನೆಂಟರೆದುರಿಗೇ ಬಾಯಿಗೆ ಬಂದಂತೆ ಬೈದಳು. “ಒಂದು ಡಬ್ಬಿ ಹಿಡ್ಕಳಕ್ ಆಗ್ದಿರೋನು ನೀನ್ಯಾವ ಮೇಷ್ಟ್ರು ಲಾ? ನಿಮ್ಮಪ್ಪನ್ ಮೋರೆ ಮಣ್ಣುಪಾಲು ಮಾಡ್ಬುಟ್ಯಲ್ಲಾ!” ಬೈಗುಳ ಕೇಳಿ ನನಗೆ ಎಷ್ಟೋ ಹಗುರವಾಯಿತು. ಎಡೆಯ ಮುಂದೆ ಅಪ್ಪನ ರುಮಾಲು ಇಟ್ಟೆವು.

ಆಮೇಲೆ ಬೇರೆ ಭಯ ಹಿಡಿಯಿತು. ಕ್ಯಾಮರಾ ಹೇಗೆ ಕೆಲಸ ಮಾಡುತ್ತಿತ್ತೆಂದು ಯಾರಾದರೂ ಅವ್ವನಿಗೆ ಹೇಳಿಬಿಟ್ಟರೆ? ಶ್ರೀರಂಗಪಟ್ಟಣದ ಆ ಹುಡುಗ ನಮ್ಮೂರಿನ ಮದುವೆಗೆ ಬಂದಾಗ ಅವನನ್ನು ನಮ್ಮ ಬೀದಿಗೆ ಕಾಲಿಡದಂತೆ ಚಪ್ಪರದಲ್ಲೇ ಸಂಜೆಯವರೆಗೆ ಮಾತಿನಲ್ಲಿ ಕಟ್ಟಿಹಾಕಿದೆ. ಮನೆಯಲ್ಲಿ ಯಾರಾದರೂ ಸೆಲ್ ಎಂದರೆ ಮಾತು ತಿರುಗಿಸುತ್ತಿದ್ದೆ.

ಮರುವರ್ಷ ಪಿತೃಪಕ್ಷದ ದಿನ, ರುಮಾಲಿಗೆ ಎಡೆ ಇಟ್ಟು ಎಲ್ಲರೂ ಉಂಡೆದ್ದ ಮೇಲೆ, ಅವ್ವ ನನ್ನ ಪಕ್ಕ ಬಂದು ಕೂತಳು.

“ಒಂದ್ ಮಾತ್ ಕೇಳ್ತೀನಿ, ನಿಜ ಹೇಳು. ಅವತ್ತು ನಾನು ಸೆಲ್ಲು ತೆಗ್ದು ಬಿಸಿಲಿಗೆ ಇಟ್ನಲ್ಲಾ, ಅದ್ರಿಂದ ಏನೂ ಆಗ್ನಿಲ್ಲ ತಾನೆ?”

ಅಪ್ಪ ಬಿದ್ದ ದಿನವೂ ನಾನು ಅಷ್ಟು ಹೆದರಿರಲಿಲ್ಲ. “ಇಲ್ಲ ಕಣವ್ವಾ. ನಾನೇ ಬೀಳಿಸ್ದೆ,” ಎಂದೆ, ರುಮಾಲಿನ ಕಡೆ ನೋಡುತ್ತಾ.

ಅವಳು ನನ್ನ ಮುಖವನ್ನೇ ನೋಡಿದಳು. “ಅಂಗಾರೆ ಸರಿ ಬುಡು,” ಎಂದಳು.

ಆಮೇಲೆ ಎದ್ದು ಗೂಡಿನಿಂದ ಬ್ಯಾಟರಿ ತಂದಳು. ಮಂಕಾಗಿದ್ದ ಅದರ ಸೆಲ್ಲುಗಳನ್ನು ಹೊರತೆಗೆದಳು. ಅಂಗಳದಲ್ಲಿ ಒಳ್ಳೆಯ ಬಿಸಿಲಿತ್ತು, ಮೊರವೂ ಅಲ್ಲೇ ಇತ್ತು. ಅವಳು ಆ ಕಡೆ ನೋಡಲೇ ಇಲ್ಲ. ಸೆಲ್ಲುಗಳನ್ನು ನನ್ನ ಕೈಗೆ ಹಾಕಿ, “ಇವ್ನ ಎಲ್ಲಾರ ದೂರ ಬಿಸಾಕ್ಬುಟ್ಟು, ಹೊಸವ ತಕ್ಕಂಬಾ ಮಗಾ,” ಎಂದಳು.