ಗುರುವಾರದ ರಜೆ

ರಜೆಗೆಂದು ಹೋಗಿದ್ದ ಸಲಾಲಾದಿಂದ ಮನೆಯಿರುವ ಮಸ್ಕತ್‌ಗೆ ಬರುವಾಗ ಸ್ಟೀರಿಂಗ್ ಮೇಲಿದ್ದ ಹೆಂಡತಿಯ ಕೈಗಳು ನಿದ್ದೆಯಲ್ಲಿ ಸಡಿಲವಾದದ್ದು ನನಗೆ ಈಗಲೂ ಕಾಣುತ್ತದೆ. ಎದುರಿಗೆ ಲಾರಿ. ಪಕ್ಕದಲ್ಲಿದ್ದ ನಾನು ಅಡ್ಡ ಬಾಗಿ ಸ್ಟೀರಿಂಗ್ ಎಳೆದೆ. ಕಾರು ಮರಳಿಗೆ ನುಗ್ಗಿ ನಿಂತಿತು. ಹಿಂದಿನ ಸೀಟಿನಲ್ಲಿ ಎಚ್ಚರವಾದ ಮಗಳು "ಆರ್ ವಿ ಹೋಮ್?" ಎಂದಳು. ಹೆಂಡತಿ ಬಾಟಲಿಯ ನೀರನ್ನು ಮುಖಕ್ಕೆ ಎರಚಿಕೊಂಡು ಮತ್ತೆ ಕಾರು ಶುರುಮಾಡಿದಳು.

ಆ ದಿನ ನಾವು ಅಲ್ಲಿ ಇರಬೇಕಾಗಿರಲಿಲ್ಲ. ಈದ್‌ನ ಚಂದ್ರ ಒಂದು ದಿನ ತಡವಾಗಿ ಕಂಡಿದ್ದರೆ ಹಬ್ಬದ ರಜೆ ಗುರುವಾರದವರೆಗೂ ಇದ್ದು, ಇಲ್ಲಿನ ವಾರದ ರಜೆಯಾದ ಶುಕ್ರವಾರ, ಶನಿವಾರಕ್ಕೆ ಕೂಡಿಕೊಳ್ಳುತ್ತಿತ್ತು. ಬೇಗ ಕಂಡರೆ ನಡುವೆ ಗುರುವಾರ ಆಫೀಸು. ಹೇಗೇ ಆದರೂ ಗುರುವಾರದ ರಜೆ ನನಗೇ ಎಂದು ಮ್ಯಾನೇಜರ್ ಮಾತು ಕೊಟ್ಟಿದ್ದರು. ಅವರು ಉಡುಪಿ ಕಡೆಯವರು. ಊರಿನವರ ಮಾತೆಂದು ನಂಬಿದೆ. ಚಂದ್ರ ಬೇಗ ಕಂಡ. ಬುಧವಾರ ಬೆಳಿಗ್ಗೆ ಸಲಾಲಾಕ್ಕೇ ಅವರ ಫೋನು.

"ನಾಳೆ ಬರ್ಲೇಬೇಕು ಮಾರಾಯ್ರೆ. ಎಂತ ಮಾಡುದು, ಜನ ಇಲ್ಲ."

ನಮ್ಮಲ್ಲಿ ಲೈಸೆನ್ಸ್ ಇರುವುದು ಹೆಂಡತಿಗೆ ಮಾತ್ರ. ನಡುದಾರಿಯ ಹೈಮಾದಲ್ಲಿ ರಾತ್ರಿ ತಂಗುವ ಯೋಚನೆ ಬಿಟ್ಟು, ಒಂದೇ ಸಮನೆ ಓಡಿಸಿದಳು. ಗುರುವಾರ ಆಫೀಸಿಗೆ ಹೋದರೆ ಮ್ಯಾನೇಜರರ ಕುರ್ಚಿ ಖಾಲಿ. ಆ ರಜೆಯನ್ನು ತಾವೇ ಹಾಕಿಕೊಂಡು ದುಬೈಗೆ ಹೋಗಿದ್ದರು.

ನಾನು ಜಗಳವಾಡಲಿಲ್ಲ. ಕಾದೆ.

ನವೆಂಬರ್‌ನ ರಾಷ್ಟ್ರೀಯ ದಿನದ ರಜೆ ಯಾವ ವಾರಕ್ಕೆ ಬೀಳುತ್ತದೆಂದು ಸರ್ಕಾರ ಹೇಳುವುದು ತಡವಾಗಿಯೇ. ಮ್ಯಾನೇಜರ್ ಅಂದಾಜಿನ ಮೇಲೆ ಮಂಗಳೂರಿನಲ್ಲಿ ತಮ್ಮ ಮಗಳ ನಿಶ್ಚಿತಾರ್ಥ ಗೊತ್ತುಮಾಡಿ, ಕ್ಯಾಂಟೀನಿನಲ್ಲಿ ಎಲ್ಲರಿಗೂ ಹೇಳಿದರು. ಅವರು ಇಲ್ಲದಾಗ ಬಿಲ್ಲುಗಳಿಗೆ ಸಹಿ ಹಾಕಬಲ್ಲವನು ನಾನೊಬ್ಬನೇ; ಇಬ್ಬರೂ ಒಟ್ಟಿಗೆ ರಜೆ ಹಾಕುವಂತಿರಲಿಲ್ಲ. ಅಂದೇ ನಾನು ನಿಶ್ಚಿತಾರ್ಥದ ವಾರಕ್ಕೆ ರಜೆ ಕೇಳಿದೆ. ಅವರು ನೋಡದೆ ಅರ್ಜಿಗೆ ಸಹಿ ಹಾಕಿದರು; ಸಹಿ ಬಿದ್ದ ರಜೆಯನ್ನು ನಾನು ಒಪ್ಪದೆ ಬದಲಿಸುವಂತಿಲ್ಲ. ಸರ್ಕಾರದ ರಜೆ ನಿಶ್ಚಿತಾರ್ಥ ಕಳೆದ ಮರುವಾರಕ್ಕೆ ಬಂತು.

ಅವರು ನನ್ನ ಕ್ಯಾಬಿನ್ನಿಗೇ ಬಂದರು. "ನಿಮ್ಮ ರಜೆ ಒಂದು ವಾರ ಮುಂದೆ ಹಾಕಿ. ಮಗಳದ್ದು ಉಂಟಲ್ಲ."

"ಆಗಲ್ಲ ಸರ್."

"ಊರಿಗೆ ಹೋಗ್ತೀರಾ?"

"ಇಲ್ಲ. ಮನೇಲೇ ಇರ್ತೀನಿ."

ಅವರು ನನ್ನ ಮುಖ ನೋಡಿದರು. ಅರ್ಥವಾಯಿತು. ಅದೇ ನನಗೆ ಬೇಕಿದ್ದದ್ದು. ಆಚೆ ಕಾರಿಡಾರಿನಲ್ಲಿ ನಿಂತು ಮಗಳಿಗೆ ಫೋನು ಮಾಡಿದರು. ಆ ಹುಡುಗಿ ನನಗೇನೂ ಮಾಡಿರಲಿಲ್ಲ. ಆದರೂ ನಾನು ಎದ್ದು ಬಾಗಿಲು ಹಾಕಲಿಲ್ಲ. "ನಂಗೆ ಬರ್ಲಿಕ್ಕೆ ಆಗುದಿಲ್ಲ ಮಗಾ" ಎಂದು ಅವರು ಹೇಳಿ ಮುಗಿಸುವವರೆಗೂ ಕೇಳಿಸಿಕೊಂಡೆ.