ಇಳಿಯದ ಕೈ

ನಮ್ಮ ಪುರಸಭೆಯ ಕೊನೆಯ ಕುರ್ಚಿಯಲ್ಲಿ ಒಬ್ಬರೇ ಕೂರುವ ಆ ಸದಸ್ಯರನ್ನು ಊರೆಲ್ಲ ವಿರೋಧದ ಯಜಮಾನರೆಂದೇ ಕರೆಯುತ್ತದೆ. ಒಂದು ಕಾಲಕ್ಕೆ ಅವರೇ ಅಧ್ಯಕ್ಷರು. ಆಮೇಲೆ ಹೂಂಗುಟ್ಟಲು ಬಾರದೆ ಪಕ್ಷದಿಂದ ಹೊರಬಿದ್ದವರು. ಮೊಮ್ಮಗಳು ಹಾಲು ಬೇಡವೆಂದರೂ “ಕಾರಣ ಹೇಳಿ ಬೇಡ ಅನ್ನು ಪುಟ್ಟಿ,” ಎನ್ನುತ್ತಾರೆ. ಸಭೆಯಲ್ಲಿ ಅವರ ಬಲಗೈ ಮೇಲೇರಿತೆಂದರೆ, ಗುಮಾಸ್ತರು ಅವರ ವಿರೋಧವನ್ನು ದಾಖಲಿಸುವ ತನಕ ಇಳಿಯುವುದಿಲ್ಲ. “ನೋಡಿದ್ವಿ ಯಜಮಾನ್ರೇ, ಇಳಿಸಿ, ಫ್ಯಾನಿಗೆ ತಾಗೀತು,” ಎಂದು ಈಗಿನ ಅಧ್ಯಕ್ಷರು ಚುಡಾಯಿಸುತ್ತಾರೆ. “ನೀವು ನೋಡಿದ್ರೆ ಸಾಲದು, ಅವ್ರು ಬರ್ಕೊಳ್ಳಲಿ,” ಎನ್ನುತ್ತಾರೆ ಇವರು. ಆ ಬಲಭುಜ ನೋವಿನಿಂದ ಹಿಡಿದುಕೊಂಡು ವರ್ಷವಾಯಿತು. ಬೆಳಿಗ್ಗೆ ತಲೆ ಬಾಚಿ, ಅಂಗಿಯ ತೋಳು ತೊಡಿಸುವುದು ಹೆಂಡತಿಯೇ. “ಎಡಗೈ ಎತ್ತಿದ್ರೆ ಆಗಲ್ವಾ?” ಎಂದು ಆಕೆ ಗದರಿದರೆ, “ಅದು ಇದನ್ನ ಹಿಡ್ಕೊಳ್ಳೋಕೆ ಬೇಕಲ್ಲ ಕಣೇ,” ಎಂದು ನಗುತ್ತಾರೆ. ಮೊನ್ನೆ ಹೆರಿಗೆ ಆಸ್ಪತ್ರೆಯನ್ನು ಕೆಡವಿ ಅಂಗಡಿ ಸಾಲು ಕಟ್ಟುವ ಠರಾವು ಬಂತು. ಒಬ್ಬರದೇ ವಿರೋಧ ದಾಖಲಾದರೂ ಸಾಕು, ನಿಯಮದಂತೆ ಊರಿನವರನ್ನು ಕರೆದು ಕೇಳಲೇಬೇಕು. ಇಲ್ಲವಾದರೆ ಮರುದಿನವೇ ಗೋಡೆ ಬೀಳುತ್ತದೆ. ಇವರ ಕೈಯೊಂದೇ ಮೇಲಿತ್ತು. ಅಧ್ಯಕ್ಷರು ಅದನ್ನು ಕಾಣದವರಂತೆ “ಎಲ್ಲರ ಒಪ್ಪಿಗೆ ಇದೆ, ಊಟ ಮುಗಿಸಿ ಬಂದು ಬರೆಯೋಣ,” ಎಂದು ಎಲ್ಲರನ್ನೂ ಎಬ್ಬಿಸಿಕೊಂಡು ಹೋದರು. ಅವರೆಲ್ಲ ಕೈ ಒರೆಸಿಕೊಳ್ಳುತ್ತ ಮರಳಿದಾಗ ಖಾಲಿ ಸಭಾಂಗಣದ ಕೊನೆಯಲ್ಲಿ ಆ ಕೈ ಇನ್ನೂ ಮೇಲೆಯೇ ಇತ್ತು, ಮೊಣಕೈಯ ಕೆಳಗೆ ಎಡ ಅಂಗೈ ಆಸರೆಯಾಗಿತ್ತು. ಗುಮಾಸ್ತರು ಯಾರ ಮುಖವನ್ನೂ ನೋಡದೆ ಪೆನ್ನು ತೆರೆದರು. “ಬರೆದೆ ಯಜಮಾನ್ರೇ, ದಯವಿಟ್ಟು ಇಳಿಸಿ,” ಎಂದರು. “ಮೊದ್ಲು ಗಟ್ಟಿಯಾಗಿ ಓದಿ,” ಎಂದರು ಇವರು, ಕೈ ಇಳಿಸದೆ.