ಕುಡಿಯದವನ ಕೈಯಲ್ಲಿ ವೈನ್ ಕೋಣೆಯ ಕೀಲಿ

ತೊಂಬತ್ತರ ದಶಕದಲ್ಲಿ ನಾನು ದೋಹಾದ ವೆಸ್ಟ್ ಬೇಯ ಒಂದು ಹೋಟೆಲಿನಲ್ಲಿ ಸ್ಟೋರ್‌ಕೀಪರ್ ಆಗಿದ್ದೆ. ವೈನ್ ಇಡುವ ಕೋಣೆಯ ಕೀಲಿಯೂ ನನ್ನ ಬಳಿಯೇ ಇತ್ತು. ನಾನು ಮುಸಲ್ಮಾನ, ಒಂದು ಹನಿಯೂ ಮುಟ್ಟಿದವನಲ್ಲ. ಬಹುಶಃ ಅದಕ್ಕೇ ಕೀಲಿ ಕೊಟ್ಟಿದ್ದರು.

ಒಮ್ಮೆ ಸ್ಪೇನಿನ ರಿಯೋಹಾದಿಂದ ದ್ರಾಕ್ಷಿತೋಟದ ಯಜಮಾನನೊಬ್ಬ ಬಂದ, ವಯಸ್ಸಾದವನು. ಅವನ ತೋಟದ ವೈನನ್ನು ಅತಿಥಿಗಳಿಗೆ ಪರಿಚಯಿಸುವ ಔತಣ ಮರುದಿನವಿತ್ತು. ಆದರೆ ಮೊದಲೇ ಬಂದಿಳಿದಿದ್ದ ಆ ವೈನ್ ಇಟ್ಟಿದ್ದ ಕೋಣೆಯ ಎಸಿ ಹಿಂದಿನ ವಾರವಷ್ಟೇ ಎರಡು ದಿನ ಕೆಟ್ಟು ನಿಂತಿತ್ತು. ಆಗಸ್ಟ್ ತಿಂಗಳು ಬೇರೆ; ಸೆಕೆಗೆ ವೈನ್ ಕೆಡುತ್ತದೆ.

"ಅದನ್ನೆಲ್ಲ ಅವರಿಗೆ ಹೇಳ್ಲಿಕ್ಕೆ ಹೋಗ್ಬೇಡ ಮಾರಾಯ," ಎಂದು ನಮ್ಮ ಮ್ಯಾನೇಜರ್, ಮಂಗಳೂರಿನ ಫೆಲಿಕ್ಸ್ ಸರ್, ಮೊದಲೇ ಎಚ್ಚರಿಸಿದ್ದರು.

ಮುದುಕ ಕೋಣೆಗೆ ಬಂದು ಒಂದು ಬಾಟಲಿ ತೆರೆದ. ಒಂದು ಗುಟುಕು ಬಾಯಲ್ಲಾಡಿಸಿ ನನ್ನ ಕಡೆ ತಿರುಗಿದ. "ಇಲ್ಲಿ ಸೆಕೆಯಾಗಿತ್ತೇ?"

ಫೆಲಿಕ್ಸ್ ಸರ್ ಕೆಮ್ಮಿದರು. "ಹೌದು, ಎರಡು ದಿನ ಮೂವತ್ತೆಂಟು ಡಿಗ್ರಿ," ಎಂದುಬಿಟ್ಟೆ. ಕೆಲಸ ಹೋಯಿತೆಂದೇ ತಿಳಿದೆ.

"ನೀನು ರುಚಿ ನೋಡಿದೆಯಾ?"

"ನಾನು ಕುಡಿಯುವುದಿಲ್ಲ. ಥರ್ಮಾಮೀಟರ್ ನೋಡಿದೆ."

ಅವನು ಜೋರಾಗಿ ನಕ್ಕ. ಕೋಣೆಯಲ್ಲಿದ್ದ ವೈನ್ ಪೆಟ್ಟಿಗೆಗಳನ್ನು ಬದಿಗಿರಿಸಿ, ಬಾರಿನ ಫ್ರಿಜ್ಜಿನಲ್ಲಿದ್ದ ತನ್ನ ತೋಟದ ಕೆಲವೇ ಬಾಟಲಿಗಳಲ್ಲಿ ಮರುದಿನದ ಔತಣ ಮುಗಿಸಿದ. ಹೊರಡುವಾಗ ಅಂದ: "ವೈನ್ ಇಡುವ ನಮ್ಮ ನೆಲಮಾಳಿಗೆ ನೋಡಿಕೊಳ್ಳಲು ಬಾ. ಕುಡಿಯದ ಕಾವಲುಗಾರ ನಮ್ಮೂರಲ್ಲಿ ಇನ್ನೂ ಹುಟ್ಟಿಲ್ಲ."

ನನ್ನ ಕೆಲಸ ಉಳಿಯಿತು. ಫೆಲಿಕ್ಸ್ ಸರ್ ಮಾತ್ರ ಹದಿನೈದು ದಿನ ನನ್ನೊಡನೆ ಮಾತಾಡಲಿಲ್ಲ.

ನಾನು ಸ್ಪೇನಿಗೇನೂ ಹೋಗಲಿಲ್ಲ. ಆದರೂ ಅಲ್ಲಿಂದ ಕರೆ ಬಂದಿದೆಯೆಂದು ಹೆಮ್ಮೆಯಿಂದ ಊರಿಗೆ ಬರೆದೆ. ಎಂಥ ಕೆಲಸವೆಂದು ತಂದೆ ಮರುಟಪಾಲಿನಲ್ಲೇ ವಿಚಾರಿಸಿದರು. ತುಂಬ ಯೋಚಿಸಿ, "ದ್ರಾಕ್ಷಿಯದ್ದು" ಎಂದಷ್ಟೇ ಬರೆದೆ.